ಪಾತ್ರೆ ಸುಮ್ಮನಾದಾಗ

ನದಿ ಮತ್ತೆ ಏರಿತ್ತು. ದೋಣಿ ನಿಂತಿತ್ತು. ಮಗುವಿಗೆ ಹೆಸರಿಡುವ ಊಟಕ್ಕೆ ಆಚೆ ದಡದಿಂದ ಬರಬೇಕಾಗಿದ್ದ ನೆಂಟರು ಬರಲಿಲ್ಲ. ಅವರಿಗೆಂದು ಮಗುವಿನ ಅಜ್ಜಿ ಪುತೋಲಿ ಮಾಡಿಟ್ಟಿದ್ದ ಅಪಂಗ್, ಅಂದರೆ ಅಕ್ಕಿಯ ಮದ್ಯ, ಹುಳಿಯಾಗತೊಡಗಿತ್ತು.

ಅಸ್ಸಾಮಿನ ನಮ್ಮ ಮಿಸಿಂಗ್ ಬುಡಕಟ್ಟಿನ ಮನೆಗಳಲ್ಲಿ ಅಪಂಗ್ ಇಲ್ಲದೆ ಯಾವ ಊಟವೂ ಇಲ್ಲ. ಅನ್ನಕ್ಕೆ ಸುಟ್ಟ ಹೊಟ್ಟಿನ ಕರಿಬೂದಿ ಬೆರೆಸಿ, ಹುದುಗಿನ ಪುಡಿ ಹಾಕಿ ಮುಚ್ಚಿಟ್ಟರೆ ಪಾತ್ರೆ ತನ್ನಷ್ಟಕ್ಕೆ ಗುಳುಗುಳು ಎನ್ನುತ್ತಿರುತ್ತದೆ. ಆ ಸದ್ದು ನಿಂತರೆ ಅಪಂಗ್ ಸಿದ್ಧ. ನೋಡಬೇಕಿಲ್ಲ, ಕಿವಿ ಕೊಟ್ಟರೆ ಸಾಕು. ಪುತೋಲಿ ಮದುವೆಯಾಗಿ ಬಂದಾಗಿನಿಂದ ಹಾಗೆ ಕಿವಿ ಕೊಟ್ಟುಕೊಂಡೇ ಬಂದವಳು.

ಅವಳ ಮಗ ದಿಂಬೆ ಮಳೆಗಾಲವಿಡೀ ಒಡ್ಡಿಗೆ ಮರಳಿನ ಚೀಲ ಹೊತ್ತು ಸೋತಿದ್ದ. "ಇಷ್ಟು ಅಕ್ಕಿ ಚೆಲ್ಲೋಕಾಗುತ್ತಾ ಅವ್ವಾ? ಕಾಯ್ಸಿ ಸಾರಾಯಿ ಇಳಿಸ್ತೀನಿ" ಎಂದ. ಪುತೋಲಿ ನೂಲು ಎತ್ತಿಕೊಂಡು ಮೂಲೆಗೆ ಹೋಗಿ ಕೂತಳು. ಬೇಡ ಎನ್ನುವುದಕ್ಕೂ ಶಕ್ತಿ ಬೇಕು.

ಅವನು ಅವಳ ದೊಡ್ಡ ಅಪಂಗ್ ಪಾತ್ರೆಯನ್ನೇ ಒಲೆಗೇರಿಸಿದ. ಹುಳಿ ಅಪಂಗಿನಲ್ಲಿ ಅರ್ಧದಷ್ಟನ್ನು ಸೋಸದೆ, ಬೂದಿ ಅನ್ನದ ಸಮೇತ ಅದಕ್ಕೆ ಸುರಿದ. ಮುಚ್ಚಳವನ್ನು ಟ್ಯೂಬು, ಕಬ್ಬಿಣದ ತಂತಿಯಿಂದ ಬಿಗಿದು ಕಟ್ಟಿದ. ಗುಜರಿಯಿಂದ ತಂದ ಹಳೇ ರೇಡಿಯೇಟರಿಗೆ ಕೊಳವೆ ಸೇರಿಸಿದ. ಕಂಬಗಳ ಮೇಲಿನ ಬಿದಿರಿನ ಮನೆ, ನಡುವೆ ಒಲೆ. ಒಲೆಯ ಪಕ್ಕದಲ್ಲಿ, ಬೆಚ್ಚಗಿರಲೆಂದು, ಚಾಪೆಯ ಮೇಲೆ ಮಗು ಮಲಗಿತ್ತು.

ನಿಜೋರಾ ಏಣಿ ಹತ್ತಿ ಬಂದದ್ದು ಆಗಲೇ. ಅವಳು ಊರಿನ ಆಶಾ ಕಾರ್ಯಕರ್ತೆ. ಊರೆಲ್ಲ ಅವಳನ್ನು ಬಾಯ್ದೇವ್, ಅಂದರೆ ಅಕ್ಕ, ಎಂದೇ ಕರೆಯುತ್ತದೆ.

"ಇದೇನಪ್ಪಾ ದಿಂಬೆ, ಹೊಸ ಅಡುಗೆ?"

"ಬನ್ನಿ ಬಾಯ್ದೇವ್. ವಾಸನೆ ಹಿಡ್ಕೊಂಡು ಬಂದ್ರಾ?"

"ನಿನ್ನೆ ಲಸಿಕೆ ಹಾಕ್ಸಿದ್ವಲ್ಲ. ಮಗುಗೆ ಜ್ವರ ಬಿಡ್ತಾ ಅಂತ ನೋಡೋಕೆ ಬಂದೆ."

"ಮಗುಗೆ ಬಿಟ್ಟಿದೆ ಬಾಯ್ದೇವ್, ಇವ್ರಿಗೆ ಏರಿದೆ" ಎಂದಳು ದಿಂಬೆಯ ಹೆಂಡತಿ ಜೋನಾಲಿ.

ನಿಜೋರಾ ನಗಲಿಲ್ಲ. ಕೊಳವೆಯ ತುದಿಯಿಂದ ಬಾಟಲಿಗೆ ತೊಟ್ ತೊಟ್ ಎಂದು ಬೀಳುತ್ತಿತ್ತು. ಅದನ್ನೇ ನೋಡಿದಳು.

"ಬೆಂಕಿ ಆರಿಸು ದಿಂಬೆ. ಆ ರೇಡಿಯೇಟರ್ ಬೆಸುಗೇಲಿ ಸೀಸ ಅನ್ನೋ ವಿಷ ಇರುತ್ತೆ. ಸಾರಾಯಿ ಜೊತೆ ಅದೂ ಇಳಿಯುತ್ತೆ. ಕಣ್ಣಿಗೆ ಕಾಣಲ್ಲ, ನಾಲಿಗೆಗೂ ಗೊತ್ತಾಗಲ್ಲ."

"ಅವ್ವ ಇದೇ ಪಾತ್ರೇಲಿ ಊರಿಗೆಲ್ಲ ಕುಡಿಸಿದ್ದಾಳೆ. ಯಾರು ಸತ್ರು?"

"ಅವ್ವ ಮಾಡಿದ್ದು ಅಪಂಗ್. ಅದು ಮೂಲೇಲಿ ತಣ್ಣಗೆ ಕೂತು ಆಗೋದು. ಇದು ಉರಿ ಮೇಲೆ ಕೂತಿದೆ. ಇದರ ಆವಿಗೂ ಪೆಟ್ರೋಲಿನ ಹಾಗೆ ಬೆಂಕಿ ಹತ್ತುತ್ತೆ. ನಿನ್ನ ಮನೆಯೋ, ಬರೀ ಬಿದಿರು, ಹುಲ್ಲು."

"ಮೊದಲು ಲಸಿಕೆ ಅಂದ್ರಿ, ಆಮೇಲೆ ಕಕ್ಕಸು ಕಟ್ಟಿ ಅಂದ್ರಿ, ಈಗ ಇದು. ಹೇಳಿ ಹೇಳಿ ನಿಮಗೆ ಬಾಯಿ ನೋಯಲ್ವಾ?"

"ನೋಯುತ್ತೆ" ಎಂದಳು ನಿಜೋರಾ.

ಆಮೇಲೆ ಯಾರೂ ಮಾತಾಡಲಿಲ್ಲ. ಆಗಲೇ ಗೊತ್ತಾದದ್ದು, ತೊಟ್ಟಿಕ್ಕುವ ಸದ್ದೂ ನಿಂತಿದೆ ಎಂದು.

ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಪುತೋಲಿ ತಲೆಯಾಡಿಸಿದಳು. "ಸುಮ್ಮನಾಯ್ತು ನೋಡು. ಆಯ್ತು ಅನ್ಸುತ್ತೆ."

"ಇಲ್ಲವ್ವಾ, ಉರಿ ಸಾಲದು" ಎಂದು ದಿಂಬೆ ಇನ್ನೊಂದು ಕೊಳ್ಳಿ ತಳ್ಳಿದ. ಮುಚ್ಚಳದ ತಂತಿ ಬಿಚ್ಚಿ ನೋಡೋಣವೆಂದು ಬಗ್ಗಿದ.

"ಮುಟ್ಟಬೇಡ!" ನಿಜೋರಾ ಕೂಗಿದಳು. "ಜೋನಾಲಿ, ಮಗು ಎತ್ಕೋ. ಎಲ್ಲರೂ ಕೆಳಗಿಳೀರಿ. ದಿಂಬೆ, ನಮ್ಮಣ್ಣನೂ ಹೀಗೇ ಬಗ್ಗಿದ್ದ."

ದಿಂಬೆ ನೆಟ್ಟಗೆ ನಿಂತ. ಊಟದ ಮನೆಗಳಲ್ಲಿ ಮುಖದ ಮೇಲೆ ಗಮೋಸಾ ವಸ್ತ್ರ ಇಳಿಬಿಟ್ಟು ಕೂರುವ ಅವಳ ಅಣ್ಣನನ್ನು ಅವನು ಎಷ್ಟೋ ಸಲ ನೋಡಿದ್ದ. ಏನಾಯಿತೆಂದು ಯಾರೂ ಕೇಳಿರಲಿಲ್ಲ, ಆ ಮನೆಯವರೂ ಹೇಳಿರಲಿಲ್ಲ. ಅವನು ತಾಯಿಯ ತೋಳು ಹಿಡಿದು ಏಣಿಯ ಕಡೆ ನಡೆದ.

ಅವರು ಅಂಗಳ ದಾಟುವಷ್ಟರಲ್ಲಿ ಪಾತ್ರೆ ಸಿಡಿಯಿತು. ಮುಚ್ಚಳ ಹುಲ್ಲಿನ ಮಾಡನ್ನು ತೂರಿಕೊಂಡು ಹೋಯಿತು. ಮಾಡಿಗೆ ಬೆಂಕಿ ತಾಗಿತು. ವಾರಗಟ್ಟಲೆ ಮಳೆಯಲ್ಲಿ ನೆನೆದ ಹುಲ್ಲಾದ್ದರಿಂದ ಉರಿಯುವುದಕ್ಕಿಂತ ಹೊಗೆಯಾಡಿದ್ದೇ ಹೆಚ್ಚು. ಅಕ್ಕಪಕ್ಕದವರು ಓಡಿ ಬಂದು, ಮನೆಯ ಕೆಳಗೇ ನಿಂತಿದ್ದ ನೆರೆನೀರನ್ನು ಎರಚಿ ಆರಿಸಿದರು.

ಮೇಲೆ ಹೋಗಿ ನೋಡಿದರೆ, ಮಗು ಮಲಗಿದ್ದ ಚಾಪೆಯ ತುಂಬ ಕುದಿಯುವ ಕರಿ ಗಂಜಿ. ಇನ್ನೂ ಹಬೆಯಾಡುತ್ತಿತ್ತು. ದಿಂಬೆ ಕೊಳವೆಯನ್ನು ಎತ್ತಿ ಬೆಳಕಿಗೆ ಹಿಡಿದ. ಬೂದಿ, ಅನ್ನ ಸೇರಿ ಗಟ್ಟಿಯಾಗಿ ಕಟ್ಟಿಕೊಂಡಿತ್ತು. ಆಚೆಯಿಂದ ಬೆಳಕು ಬರಲಿಲ್ಲ.

"ಕಿವಿ ಕೊಟ್ಟಿದ್ದೆ. ನಂಗೆ ಗೊತ್ತಾಗ್ಲಿಲ್ಲ" ಎಂದಳು ಪುತೋಲಿ.

"ನಿಮ್ಮ ಕಿವಿ ಸರಿಯಾಗೇ ಇದೆ ದೊಡ್ಡಮ್ಮ. ಅಪಂಗ್ ಸುಮ್ಮನಾದ್ರೆ ಸಿದ್ಧ ಅಂತ. ಉರಿ ಮೇಲೆ ಬಿಗಿದಿಟ್ಟ ಪಾತ್ರೆ ಸುಮ್ಮನಾದ್ರೆ, ಅದಕ್ಕೆ ಉಸಿರು ಕಟ್ಟಿದೆ ಅಂತ."

ದಿಂಬೆ ಬಾಟಲಿಯಲ್ಲಿ ಇಳಿದಿದ್ದಷ್ಟನ್ನೂ ಕೆಸರಿಗೆ ಸುರಿದ. "ಉಳಿದಿರೋ ಹುಳಿ ಅಪಂಗ್ ಏನ್ ಮಾಡ್ಲಿ ಬಾಯ್ದೇವ್?"

"ಹಂದಿಗೆ ಹಾಕು. ಅವಕ್ಕಾದ್ರೂ ನೆಂಟರೂಟ ಆಗ್ಲಿ."

ಇಷ್ಟು ಹೊತ್ತೂ ಜೋನಾಲಿಯ ತೋಳಲ್ಲಿ ಮಿಸುಕದಿದ್ದ ಮಗು ಆಗ ಎದ್ದು ಜೋರಾಗಿ ಅತ್ತಿತು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಆ ಅಳುವನ್ನು ಎಲ್ಲರೂ ನಿಂತು ಕೇಳಿದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಹುದುಗಿಸುವ ಪಾತ್ರೆಯನ್ನು ಭಟ್ಟಿಗೆ ಏರಿಸಬೇಡಿ. ಕುಕ್ಕರನ್ನಾಗಲಿ, ಹಾಲಿನ ಕ್ಯಾನನ್ನಾಗಲಿ, ಗುಜರಿಯ ಕೊಳವೆಯನ್ನಾಗಲಿ ಆ ಕೆಲಸಕ್ಕೆ ಹಚ್ಚಬೇಡಿ. ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮೊದಲು, ಒಲೆಯ ಪಕ್ಕ ಮಲಗಿರುವವರಿಗೆ ವಿರುದ್ಧ. ಎಲ್ಲೋ ಇಳಿಸಿದ ಸಾರಾಯಿ ಕುಡಿದು ಯಾರಿಗಾದರೂ ಕಣ್ಣು ಮಂಜಾದರೆ, ಹೊಟ್ಟೆ ತೊಳಸಿದರೆ, ಮಲಗಿದರೆ ಸರಿಹೋಗುತ್ತದೆ ಎಂದು ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಕುಡಿದದ್ದು ಏನೆಂದು ಮುಚ್ಚಿಡದೆ ಹೇಳಿ.

ನಿಜೋರಾ ಹೇಳಿ ಹೇಳಿ ದಣಿದಿದ್ದಾಳೆ. ಪಕ್ಕದ ಮನೆಗಾದರೂ ನೀವು ಹೇಳಿ.