ಎಲ್ಲ ಪತ್ರಕ್ಕೂ ಉತ್ತರ ಬರೆದ ತಾತ

ಮೇಲಿನ ಮನೆಯಲ್ಲಿ ಟಿವಿ ಹಾಕಿದರೆ ಕೆಳಗೆ ನನ್ನ ಹೊಲಿಗೆ ಯಂತ್ರದ ಮೇಲಿಟ್ಟ ಗುಂಡುಸೂಜಿ ಡಬ್ಬಿ ನಡುಗುತ್ತಿತ್ತು. ಹೆಚ್ಚು ಮಾಡಿ ಹೇಳುತ್ತಿಲ್ಲ. ದಿನಾ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ರಸಪ್ರಶ್ನೆ ಕಾರ್ಯಕ್ರಮ ಶುರುವಾಗುತ್ತಿತ್ತು. ಪ್ರಶ್ನೆ ಕೇಳುವವನ ಗಂಟಲು ಬೀದಿಯ ಆ ತುದಿಯವರೆಗೂ ಕೇಳುತ್ತಿತ್ತು. ನಾನು ಪರದೆ, ದಿಂಬಿನ ಕವರು ಹೊಲಿದು ಜೀವನ ಮಾಡುವವಳು. ನನ್ನ ಯಂತ್ರದ ಸದ್ದಿನಿಂದ ಯಾರಿಗೂ ತೊಂದರೆಯಿಲ್ಲ ಎಂದು ನಂಬಿದ್ದೇನೆ. ಇದುವರೆಗೆ ಯಾರೂ ಬಂದು ಹೇಳಿಲ್ಲ.

ಮೇಲಿನ ಮನೆಯ ಅಜ್ಜಿಗೆ ಕಿವಿ ಮಂದ. ರಸಪ್ರಶ್ನೆ ಎಂದರೆ ಪ್ರಾಣ. ಪ್ರಶ್ನೆ ಅರ್ಧ ಕೇಳಿಸುತ್ತದೆ, ಉತ್ತರ ಪೂರ್ತಿ ಹೇಳುತ್ತಾರೆ. ‘ಅತಿ ಉದ್ದದ ನದಿ ಯಾವುದು’ ಎಂದು ಅವನು ಕೇಳಿದರೆ ಇವರು ‘ಜಿರಾಫೆ’ ಎನ್ನುತ್ತಾರೆ. ಅವರ ಯಜಮಾನರು ದೊಡ್ಡ ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಬೀದಿಗೆಲ್ಲ ಅವರು ಟಪಾಲು ತಾತ.

ಒಂದು ಗುರುವಾರ ನನಗೆ ತಲೆ ಚಿಟ್ಟು ಹಿಡಿದುಹೋಯಿತು. ಇವತ್ತು ಹೇಳಿಯೇಬಿಡುತ್ತೇನೆ ಎಂದು ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಬೀದಿಯ ಮೂಲೆಯಲ್ಲಿ ಟಿವಿ, ಫೋನು ಸರಿಮಾಡುವ ಅಂಗಡಿ ಇಟ್ಟಿರುವ ರಿಪೇರಿ ಅಕ್ಕ ನೆಲದ ಮೇಲೆ ಕೂತು ಟಿವಿಯ ರಿಮೋಟು ಬಿಚ್ಚಿಕೊಂಡಿದ್ದಳು. ಸದ್ದು ಕಡಿಮೆ ಮಾಡುವ ಗುಂಡಿ ಸಿಕ್ಕಿಹಾಕಿಕೊಂಡಿತ್ತಂತೆ. ನಾನು ಬಂದ ಕೆಲಸ ಆಗಲೇ ನಡೆಯುತ್ತಿದ್ದುದರಿಂದ ಬಾಯಿ ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತೆ.

ತಾತ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಒಂದೇ ಬೆರಳಲ್ಲಿ ಕುಟ್ಟುತ್ತಿದ್ದರು.

“ಏನು ತಾತ, ಅಷ್ಟು ಜೋರು ಕೆಲಸ?” ಎಂದೆ.

“ಇವತ್ತಿನ ಟಪಾಲು ಮುಗಿಸ್ತಾ ಇದೀನಮ್ಮ. ಹನ್ನೊಂದು ಪತ್ರಕ್ಕೆ ಉತ್ತರ ಆಯ್ತು. ಇನ್ನೂ ನಲವತ್ತೊಂಬತ್ತಿದೆ.”

“ಅಷ್ಟೊಂದು ಯಾರು ಬರೀತಾರೆ ನಿಮಗೆ?”

“ಯಾರ್ಯಾರೋ! ಇಲ್ನೋಡು, ಇವರು ಬೆಲ್ಟ್ ಮಾರೋರು. ‘ಮಾನ್ಯ ಗ್ರಾಹಕರೇ’ ಅಂತ ಎಷ್ಟು ಮರ್ಯಾದೆಯಿಂದ ಕರೆದಿದಾರೆ.”

ಕಂಪ್ಯೂಟರ್ ಪರದೆಯ ಮೇಲೆ ಅವರ ಉತ್ತರವೂ ಇತ್ತು. ‘ತಮ್ಮ ಪತ್ರ ತಲುಪಿದೆ. ಸಂತೋಷ. ನನ್ನ ಬಳಿ ಈಗಾಗಲೇ ಎರಡು ಬೆಲ್ಟುಗಳಿವೆ. ಸೊಂಟ ಒಂದೇ ಇದೆ. ದಯವಿಟ್ಟು ಅನ್ಯಥಾ ಭಾವಿಸಬಾರದು. ತಮ್ಮ ವಿಶ್ವಾಸಿ.’ ಕೆಳಗೆ ಪೂರ್ತಿ ಹೆಸರು, ಮನೆ ವಿಳಾಸ, ಫೋನ್ ನಂಬರು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ರಿಪೇರಿ ಅಕ್ಕ ನಗಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ಬಂದಳು.

“ತಾತ, ಬರೋ ಎಲ್ಲ ಮೇಲ್‌ಗೂ ಹಿಂಗೇ ಉತ್ತರ ಕೊಡ್ತೀರಾ?”

“ಮತ್ತೆ? ಮೂವತ್ನಾಲ್ಕು ವರ್ಷ ಟಪಾಲು ನೋಡ್ಕೊಂಡೋನು ನಾನು. ನನ್ನ ಮೇಜಿಂದ ಒಂದು ಕಾಗದನೂ ಉತ್ತರ ಇಲ್ಲದೆ ಹೋಗಿಲ್ಲ. ಮೊದಲೆಲ್ಲ ದಿನಕ್ಕೆ ಎರಡೋ ಮೂರೋ ಬರ್ತಿತ್ತು. ಈಗ ಅರವತ್ತು! ನೋಡು, ಜನ ಎಷ್ಟು ವಿಶ್ವಾಸ ಇಟ್ಕೊಂಡಿದಾರೆ.”

“ಅದು ವಿಶ್ವಾಸ ಅಲ್ಲ ತಾತ. ಇದನ್ನ ಬರೆದಿರೋದು ಮನುಷ್ಯನೇ ಅಲ್ಲ. ಒಂದು ಯಂತ್ರ ಒಂದೇ ಏಟಿಗೆ ಲಕ್ಷ ವಿಳಾಸಕ್ಕೆ ಕಳಿಸುತ್ತೆ. ಅದರಲ್ಲಿ ಎಷ್ಟೋ ಕಡೆ ನೋಡೋರೇ ಇರಲ್ಲ. ನೀವು ಉತ್ತರ ಕೊಟ್ರೆ, ಈ ಮನೇಲಿ ಜನ ಇದಾರೆ, ತಟ್ಟಿದ್ರೆ ಬಾಗಿಲು ತೆಗೀತಾರೆ ಅಂತ ನೀವೇ ಹೇಳಿದ ಹಾಗಾಗುತ್ತೆ. ಆಮೇಲೆ ಆ ವಿಳಾಸ ಹತ್ತು ಕೈ ದಾಟುತ್ತೆ. ಅದಕ್ಕೇ ಮೂರಿದ್ದದ್ದು ಅರವತ್ತಾಗಿದೆ.”

ತಾತ ಕನ್ನಡಕ ತೆಗೆದು ಅವಳನ್ನು ನೋಡಿದರು. “ಅಂದ್ರೆ ಮರ್ಯಾದೆ ತೋರಿಸಿದ್ದೇ ತಪ್ಪು ಅಂತೀಯ?”

“ಮರ್ಯಾದೆ ತಪ್ಪಲ್ಲ. ಯಾರಿಗೆ ತೋರಿಸ್ತಿದೀರಿ ಅಂತ ನೋಡ್ಕೊಳಿ ಅಂತೀನಿ. ನೀವೇ ಯಾವತ್ತೋ ಏನೋ ಕೊಂಡಿದ್ದ ಅಂಗಡಿ ಆದ್ರೆ ಪತ್ರದ ಕೊನೇಲಿ ಅನ್‌ಸಬ್‌ಸ್ಕ್ರೈಬ್ ಅಂತ ಇರುತ್ತೆ, ಇನ್ನು ಕಳಿಸಬೇಡಿ ಅಂತ ಅರ್ಥ. ಅದನ್ನ ಒತ್ತಿ. ಗುರುತೇ ಇಲ್ಲದವರದಾದ್ರೆ ಏನನ್ನೂ ಒತ್ತಬೇಡಿ, ಉತ್ತರನೂ ಬೇಡ. ಸ್ಪ್ಯಾಮ್, ಅಂದ್ರೆ ಬೇಡದ ಕಸ, ಅಂತ ಗುರುತು ಹಾಕಿ ಆಚೆ ತಳ್ಳಿ.”

“ನಿನಗೆ ಟಿವಿ ಗೊತ್ತಮ್ಮ, ಒಪ್ಪಿದೆ. ಪತ್ರದ ವಿಷಯ ನನಗೆ ಬಿಡು.”

ಅವಳು ರಿಮೋಟು ಜೋಡಿಸಿ, ಸದ್ದು ಇಳಿಸಿ ಕೊಟ್ಟಳು. ಅಜ್ಜಿ ಅದನ್ನು ಇಸಿದುಕೊಂಡು ಮತ್ತೆ ಏರಿಸಿದರು. ನಾನು ಬಂದ ದಾರಿಗೆ ಸುಂಕವಿಲ್ಲದೆ ಕೆಳಗಿಳಿದೆ.

ಹತ್ತು ಹನ್ನೊಂದು ದಿನ ಕಳೆದಿರಬೇಕು. ಆ ಸೋಮವಾರ ಮೂರು ಗಂಟೆ ದಾಟಿದರೂ ಮೇಲಿಂದ ಸದ್ದಿಲ್ಲ. ಅಬ್ಬ, ಇವತ್ತಾದರೂ ನೆಮ್ಮದಿ ಎಂದುಕೊಂಡು ಎರಡು ಪರದೆ ಅಂಚು ಹೊಲಿದೆ. ಹಾಗೆ ಅಂದುಕೊಂಡಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಸ್ವಲ್ಪ ಹೊತ್ತಿಗೆ ತಾತ ನನ್ನ ಬಾಗಿಲಲ್ಲಿ ನಿಂತಿದ್ದರು. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಸದಾ ಇಸ್ತ್ರಿ ಹಾಕಿದ ಹಾಗಿರುವ ಮನುಷ್ಯ.

“ಮಗಳೇ, ನನ್ನ ಟಪಾಲು ಪೆಟ್ಟಿಗೆ ತೆಗೀತಾ ಇಲ್ಲ. ಪಾಸ್‌ವರ್ಡ್ ತಪ್ಪು ಅಂತಿದೆ. ಟಿವಿನೂ ಹೋಯ್ತು.”

ನನಗೆ ಹೊಲಿಗೆ ಬಿಟ್ಟರೆ ಬೇರೆ ಯಂತ್ರ ತಿಳಿಯದು. ರಿಪೇರಿ ಅಕ್ಕನಿಗೆ ಫೋನು ಮಾಡಿದೆ. ಅವಳು ಅಂಗಡಿಗೆ ಅರ್ಧ ಬಾಗಿಲು ಎಳೆದು ಬಂದಳು. ಮೂವರೂ ಮೇಲೆ ಹೋದೆವು. ಅಜ್ಜಿ ಕಪ್ಪಗಿದ್ದ ಟಿವಿ ಮುಂದೆ ಕೂತು ನಮ್ಮ ಮುಖಗಳನ್ನೇ ಒಂದಾದಮೇಲೊಂದು ನೋಡುತ್ತಿದ್ದರು.

“ಬೆಳಿಗ್ಗೆ ಏನಾದ್ರೂ ಪತ್ರ ಬಂದಿತ್ತಾ ತಾತ?” ಅಕ್ಕ ಕೇಳಿದಳು.

“ಬಂದಿತ್ತು. ಟಿವಿ ಸೇವೆಯವರದು. ಇವತ್ತಿಗೆ ನಿಮ್ಮ ಸೇವೆ ನಿಂತುಹೋಗುತ್ತೆ, ಮುಂದುವರಿಸಬೇಕಾದ್ರೆ ಪಾಸ್‌ವರ್ಡ್ ಬರೆದು ಕಳಿಸಿ ಅಂತ. ಇವಳ ರಸಪ್ರಶ್ನೆ ತಪ್ಪಿಹೋಗುತ್ತಲ್ಲ ಅಂತ ತಕ್ಷಣ ಬರೆದೆ. ತಮ್ಮ ಪತ್ರ ತಲುಪಿದೆ, ಪಾಸ್‌ವರ್ಡ್ ಇಂಥದ್ದು ಅಂತ.”

“ಮೇಲ್‌ಗೂ ಟಿವಿಗೂ ಒಂದೇ ಪಾಸ್‌ವರ್ಡಾ?”

“ನಾನು ನಿವೃತ್ತಿಯಾದ ದಿನ. ಮರೆಯೋದೇ ಇಲ್ಲ ನೋಡು, ಅದಕ್ಕೆ.”

ಅಕ್ಕ ಬೈಯಲಿಲ್ಲ. ನಾನಾಗಿದ್ದರೆ ಬೈದುಬಿಡುತ್ತಿದ್ದೆ. ಅವಳು ಕಂಪ್ಯೂಟರ್ ಎಳೆದುಕೊಂಡು, “ನಿಮ್ಮ ಫೋನು ಕೊಡಿ. ಆ ಪತ್ರ ಬರೆದೋರು ಕಳ್ಳರು. ನಿಮ್ಮ ಮೇಲ್‌ಗೆ ಕೊಟ್ಟಿರೋ ಫೋನ್ ನಂಬರನ್ನ ಅವರಿನ್ನೂ ಬದಲಾಯಿಸಿಲ್ಲ ಅಂದ್ರೆ ಉಳ್ಕೊಂಡ್ವಿ” ಎಂದಳು. ಫೋನಿಗೆ ಆರು ಅಂಕಿಯ ಸಂಖ್ಯೆ ಬಂತು. ಅದನ್ನು ಹಾಕಿ, ಹೊಸ ಉದ್ದನೆಯ ಪಾಸ್‌ವರ್ಡನ್ನು ತಾತನ ಕೈಯಲ್ಲೇ ಬರೆಸಿದಳು. ಟಿವಿಗೆ ಇನ್ನೊಂದು, ಬೇರೆಯದೇ. ಮುಂದೆ ಯಾರಾದರೂ ಹೊಸಬರು ಒಳಗೆ ಬರಲು ನೋಡಿದರೆ ಮೊದಲು ತಾತನ ಫೋನಿಗೆ ಸಂಖ್ಯೆ ಬರುವ ಹಾಗೂ ಮಾಡಿದಳು. “ಈ ಸಂಖ್ಯೆನ ನಾನೇ ಫೋನ್ ಮಾಡಿ ಕೇಳಿದ್ರೂ ಹೇಳಬೇಡಿ” ಎಂದಳು.

ಪೆಟ್ಟಿಗೆ ತೆರೆಯಿತು. ಒಳಗೆ ನೋಡಿದರೆ, ತಾತನ ಹಳೆಯ ಸಹೋದ್ಯೋಗಿಗಳು ನಲವತ್ತು ಜನಕ್ಕೂ ತಾತನ ಹೆಸರಲ್ಲೇ ಪತ್ರ ಹೋಗಿತ್ತು. ‘ಇದನ್ನು ಒತ್ತಿ, ಉಡುಗೊರೆ ಪಡೆಯಿರಿ’ ಎಂದು.

“ನನ್ನ ಹೆಸರಲ್ಲಾ?” ತಾತ ಎರಡು ಸಲ ಕೇಳಿದರು. ಮೂವತ್ತನಾಲ್ಕು ವರ್ಷ ಒಂದು ತಪ್ಪು ಕಾಗದ ಕಳಿಸದ ಮನುಷ್ಯ. ಅವರ ಮುಖ ನೋಡಲಾಗದೆ ನಾನು ಕಿಟಕಿಯ ಕಡೆ ತಿರುಗಿದೆ.

“ನನ್ನ ಹೆಸರಲ್ಲಿ ಬಂದ ಪತ್ರದಲ್ಲಿ ಏನನ್ನೂ ಒತ್ತಬೇಡಿ ಅಂತ ಎಲ್ಲರಿಗೂ ಈಗಲೇ ತಿಳಿಸೋಣ” ಎಂದು ಅಕ್ಕ ಅವರ ಪರವಾಗಿ ಎರಡು ಸಾಲು ಬರೆದು ಕಳಿಸಿದಳು. ಆಮೇಲೆ, “ತಾತ, ನೀವು ಕಾಯ್ತಾ ಇದ್ದ ಪತ್ರ ಯಾವುದಾದ್ರೂ ಇತ್ತಾ? ಕಳ್ಳರು ಅದನ್ನೇನಾದ್ರೂ ಅಳಿಸಿದಾರಾ ನೋಡ್ತೀನಿ” ಎಂದಳು.

“ಆಸ್ಪತ್ರೆದು. ಇವಳಿಗೆ ಕಿವಿ ಯಂತ್ರ ಹಾಕೋ ಡಾಕ್ಟರಮ್ಮ ಆರು ತಿಂಗಳಿಗೊಂದು ಸಲ ಬರೋದು. ದಿನ ಗೊತ್ತು ಮಾಡಿ ಮೇಲ್ ಕಳಿಸ್ತೀವಿ ಅಂದಿದ್ರು. ಬಂದೇ ಇಲ್ಲ.”

“ಸ್ಪ್ಯಾಮ್ ಡಬ್ಬಿ ನೋಡಿದ್ರಾ?”

“ಅದು ಕಸದ ಬುಟ್ಟಿ ಅಲ್ವಾ? ಅದಕ್ಕೆ ಯಾಕೆ ಕೈ ಹಾಕಲಿ?”

“ಒಮ್ಮೊಮ್ಮೆ ಒಳ್ಳೆ ಪತ್ರನೂ ತಪ್ಪಿ ಅಲ್ಲಿ ಬೀಳುತ್ತೆ” ಎನ್ನುತ್ತ ಅಕ್ಕ ಅದನ್ನು ತೆರೆದಳು. ಬೆಲ್ಟು, ಸಾಬೂನು, ತಲೆಗೂದಲಿನ ಎಣ್ಣೆ, ಯಾರದೋ ಲಾಟರಿ. ಇಪ್ಪತ್ತು ಇಪ್ಪತ್ತೈದು ಸಾಲು ಕೆಳಗೆ ಆಸ್ಪತ್ರೆಯ ಹೆಸರಿತ್ತು. ಬಂದು ನಾಲ್ಕು ದಿನವಾಗಿತ್ತು. ಅವಳು ಗಟ್ಟಿಯಾಗಿ ಓದಿದಳು: ‘ಬುಧವಾರ ಬೆಳಿಗ್ಗೆ ಹತ್ತಕ್ಕೆ ಬರಬೇಕು. ಬರುವುದನ್ನು ಸೋಮವಾರ ಸಂಜೆ ಐದರೊಳಗೆ ಉತ್ತರ ಬರೆದು ತಿಳಿಸಿ. ತಿಳಿಸದಿದ್ದರೆ ಸರದಿ ಮುಂದಿನವರಿಗೆ ಹೋಗುತ್ತದೆ.’

ಗಡಿಯಾರ ನೋಡಿದೆ. ನಾಲ್ಕೂ ಇಪ್ಪತ್ತು. ಬೆಲ್ಟಿನವರಿಗೂ ಕಳ್ಳರಿಗೂ ಉತ್ತರ ಹೋಗಿತ್ತು. ಉತ್ತರ ಬೇಕು ಎಂದು ನಿಜವಾಗಿ ಕೇಳಿದ್ದ ಒಂದೇ ಪತ್ರಕ್ಕೆ ಹೋಗಿರಲಿಲ್ಲ.

“ಇದೂ ಕಳ್ಳರದೇ ಆಗಿದ್ರೆ?” ಎಂದರು ತಾತ. ಬೆಳಗಿನಿಂದ ಅವರು ಕೇಳಿದ ಮೊದಲ ಒಳ್ಳೆಯ ಪ್ರಶ್ನೆ ಅದು.

“ಹಾಗೆ ಕೇಳಿ ಮತ್ತೆ!” ಅಕ್ಕನ ಮುಖ ಅರಳಿತು. “ಪತ್ರದಲ್ಲಿರೋ ನಂಬರಿಗೆ ಫೋನ್ ಮಾಡೋದು ಬೇಡ. ಹೆಸರು ಬರೆಸಿದಾಗ ಆಸ್ಪತ್ರೆಯವರು ಚೀಟಿ ಕೊಟ್ಟಿದ್ರಲ್ಲ, ಅದು ಎಲ್ಲಿ?”

ಚೀಟಿ ಅಜ್ಜಿಯ ಕನ್ನಡಕದ ಪೆಟ್ಟಿಗೆಯಲ್ಲಿ ಸಿಕ್ಕಿತು. ಅದರಲ್ಲಿದ್ದ ನಂಬರಿಗೆ ನಾನು ಫೋನು ಮಾಡಿದೆ. ಎರಡು ಸಲ ಬಿಡುವಿಲ್ಲ ಎಂದಿತು. ಮೂರನೇ ಸಲ ಒಬ್ಬ ಹೆಂಗಸು ಎತ್ತಿ, ಪತ್ರ ತಮ್ಮದೇ ಎಂದರು, ಇನ್ನೂ ಸರದಿ ಬೇರೆಯವರಿಗೆ ಕೊಟ್ಟಿಲ್ಲ ಎಂದರು, ಆದರೂ ಬರಹದಲ್ಲಿ ಉತ್ತರ ಬೇಕೇ ಬೇಕು ಎಂದರು.

ತಾತ ಕೀಲಿಮಣೆ ಎಳೆದುಕೊಂಡರು. ‘ತಮ್ಮ ಪತ್ರ ತಲುಪಿದೆ. ತಡವಾಗಿ ಉತ್ತರಿಸುತ್ತಿರುವುದಕ್ಕೆ ಕಾರಣವೇನೆಂದರೆ’ ಎಂದು ಶುರು ಮಾಡಿದರು.

“ತಾತ,” ಅಕ್ಕ ಅವರ ಭುಜದ ಮೇಲೆ ಕೈಯಿಟ್ಟಳು, “ಬರ್ತೀವಿ ಅಂತ ಬರೀರಿ, ಸಾಕು.”

ತಾತ ಎಲ್ಲ ಅಳಿಸಿ ‘ಬರುತ್ತೇವೆ’ ಎಂದು ಬರೆದರು. ಅಜ್ಜಿಯ ಹೆಸರು, ಸರದಿಯ ಸಂಖ್ಯೆ ಹಾಕಿ ಕಳಿಸಿದರು. ಬಹುಶಃ ಅವರ ಜೀವನದಲ್ಲೇ ಅಷ್ಟು ಚಿಕ್ಕ ಪತ್ರ ಬರೆದಿರಲಿಲ್ಲ.

ಬುಧವಾರ ಅವರ ಜೊತೆ ನಾನೂ ಹೋದೆ. ಡಾಕ್ಟರಮ್ಮ ಪರೀಕ್ಷೆಯೆಲ್ಲ ಮುಗಿಸಿ, ಅವರೆಕಾಳಿನಷ್ಟು ಪುಟ್ಟ ಯಂತ್ರವನ್ನು ಅಜ್ಜಿಯ ಕಿವಿಯಲ್ಲಿ ಕೂರಿಸಿ, ಏನೋ ತಿರುಗಿಸಿ, ತಾತನ ಕಡೆ ನೋಡಿ ಮಾತಾಡಿ ಎಂದು ಸನ್ನೆ ಮಾಡಿದರು.

ತಾತ ಕೋಣೆ ಹಾರಿಹೋಗುವ ಹಾಗೆ, “ಕೇಳಿಸ್ತಾ?” ಎಂದರು.

ಅಜ್ಜಿ ಎರಡೂ ಕೈ ಎತ್ತಿದರು. “ಅಯ್ಯೋ, ಕೂಗಬೇಡಿ!”

ತಾತ ಕುರ್ಚಿ ಹತ್ತಿರ ಎಳೆದು, ಯಾರಿಗೂ ಕೇಳಿಸದ ಹಾಗೆ ಮತ್ತೆ ಕೇಳಿದರು. ಅಜ್ಜಿ ತಲೆಯಾಡಿಸಿದರು. ಅವರನ್ನೇ ನೋಡಿ ಹೇಳಿದರು: “ಇಷ್ಟು ವರ್ಷ ನನ್ನ ಮೇಲೆ ಏನೋ ಕೋಪ, ಅದಕ್ಕೇ ಯಾವಾಗಲೂ ಗದರಿಸ್ಕೊಂಡೇ ಮಾತಾಡ್ತೀರಿ ಅಂದ್ಕೊಂಡಿದ್ದೆ ಕಣ್ರೀ. ನಿಮಗೆ ಮೆತ್ತಗೂ ಮಾತಾಡೋಕೆ ಬರುತ್ತಲ್ಲ.”

ತಾತ ಎದ್ದು ಅಜ್ಜಿಯ ಕೈಚೀಲ ತಾವೇ ಹಿಡಿದುಕೊಂಡರು. ದಾರಿಯುದ್ದಕ್ಕೂ ಇಬ್ಬರೂ ಪಿಸಪಿಸ ಮಾತಾಡುತ್ತಲೇ ಇದ್ದರು. ನಾನು ಬೇಕೆಂದೇ ನಾಲ್ಕು ಹೆಜ್ಜೆ ಹಿಂದೆ ಉಳಿದೆ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಇಂಥ ಮರ್ಯಾದಸ್ಥರು ಒಬ್ಬರಿರುತ್ತಾರೆ. ಅವರನ್ನು ನೋಡಿ ನಗಬೇಡಿ. ನಾನು ನಕ್ಕು ಕೂತಿದ್ದೆ, ಅದರಿಂದ ಏನೂ ಉಪಯೋಗವಾಗಲಿಲ್ಲ. ಪಕ್ಕದಲ್ಲಿ ಕೂತು ಹೇಳಿಕೊಡಿ. ಗುರುತಿಲ್ಲದ ಮೇಲ್‌ಗೆ ಉತ್ತರ ಬೇಡ, ಅದರಲ್ಲಿರುವ ಯಾವ ಗುಂಡಿಯನ್ನೂ ಒತ್ತುವುದು ಬೇಡ. ಪಾಸ್‌ವರ್ಡ್ ಬರೆದು ಕಳಿಸಿ ಎಂದು ಯಾರು ಕೇಳಿದರೂ ಅವರು ಕಳ್ಳರೇ, ಎಷ್ಟೇ ‘ಮಾನ್ಯರೇ’ ಎನ್ನಲಿ. ಒಂದೊಂದಕ್ಕೆ ಒಂದೊಂದು ಪಾಸ್‌ವರ್ಡ್ ಇಟ್ಟುಕೊಳ್ಳಿ. ಅನುಮಾನ ಬಂದರೆ ನಿಮ್ಮ ಕೈಯಲ್ಲಿರುವ ಹಳೆಯ ಚೀಟಿಯ ನಂಬರಿಗೆ ಫೋನು ಮಾಡಿ ವಿಚಾರಿಸಿ.

ಇನ್ನೊಂದು ಮಾತು. ನಾವು ಇನ್ನು ನಲವತ್ತು ನಿಮಿಷ ತಡಮಾಡಿದ್ದರೆ, ಗಂಡನಿಗೆ ತನ್ನ ಮೇಲೆ ಕೋಪ ಎಂದುಕೊಂಡೇ ಆ ಅಜ್ಜಿ ಇನ್ನೂ ಆರು ತಿಂಗಳು ಕಳೆಯಬೇಕಿತ್ತು. ನಿಮ್ಮ ಮನೆಯವರಿಗೆ ಬೇಕಾದ ಒಂದು ಕಾಗದವೂ ಆ ಸ್ಪ್ಯಾಮ್ ಡಬ್ಬಿಯ ತಳದಲ್ಲಿ ಬಿದ್ದಿರಬಹುದು. ಇವತ್ತೇ ತೆರೆದು ನೋಡಿ.