ಮೇಲಿನ ಕೊಕ್ಕೆ

“ಬರ್ತೀನಂತ ಹೇಳು,” ಎಂದಳು ಹನಮಂತವ್ವ, ಮಲ್ಲು ಮಾತು ಮುಗಿಸುವ ಮೊದಲೇ.

ಮಲ್ಲು ಹೊಸ್ತಿಲಾಚೆಯೇ ನಿಂತಿದ್ದ. ವಿರೂಪಾಕ್ಷಪ್ಪನ ಮನೆಯ ಆಳು ಅವನು. ಇಂಥ ಮಾತನ್ನು ಈ ಮನೆಗೆ ಹೊತ್ತು ತಂದದ್ದಕ್ಕೆ ಬೈಗಳು ತಪ್ಪಿದ್ದಲ್ಲವೆಂದು ದಾರಿಯುದ್ದಕ್ಕೂ ಮೈ ಬಿಗಿಹಿಡಿದು ಬಂದಿದ್ದ.

“ಯಕ್ಕಾ, ಯಾವ ಬೊಡ್ಡಿ ಅಂತ ತಿಳೀತಿಲ್ಲೋ? ಅದ... ಬೋರಿನ ಹತ್ತಿರದ್ದು.”

“ತಿಳೀತು. ನಾಳೆ ಮುಂಜಾನೆ ಬರ್ತೀನಿ.”

ಆ ಜಾಲಿಯ ಬೊಡ್ಡೆಯನ್ನು ಕೀಳಲು ಹೋಗಿಯೇ ಅವಳ ಗಂಡ ನೀಲಪ್ಪ ಸತ್ತಿದ್ದ. ಮುಂದಿನ ಗಾಲಿಗಳು ಮೇಲೆದ್ದು, ಅವನದೇ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ, ಅವನನ್ನು ಎರೆಮಣ್ಣಿಗೆ ಒತ್ತಿಬಿಟ್ಟಿತ್ತು. ಆಗ ಅಲ್ಲಿದ್ದವನು ಹೊಲದ ಧಣಿ ವಿರೂಪಾಕ್ಷಪ್ಪ ಒಬ್ಬನೇ. ಜನ ಓಡಿ ಬರುವಷ್ಟರಲ್ಲಿ ಅವನ ಮಾತು ತಯಾರಾಗಿತ್ತು. “ಕುಡದ ಬಂದಿದ್ದ. ಬ್ಯಾಡಂದ್ರೂ ಕೇಳಲಿಲ್ಲ.”

ನೀಲಪ್ಪ ಭಜನೆಯ ಮನುಷ್ಯ, ಹೆಂಡ ಮುಟ್ಟಿದವನಲ್ಲ. ಆದರೆ ಸತ್ತವನು ಎದ್ದು ಬಂದು ಸಾಕ್ಷಿ ಹೇಳುವುದುಂಟೆ? ತಮ್ಮೂರು ಬೆಳ್ಳಟ್ಟಿಯ ಚಹಾದಂಗಡಿಯಲ್ಲಿ ಹುಟ್ಟಿದ ಮಾತು ಮುಂಡರಗಿಯತನಕ ಹೋಯಿತು. ಮಗಳು ಶಿವರಂಜನಿಯನ್ನು ನೋಡಿ ಒಪ್ಪಿದ್ದ ಮನೆಯವರು ‘ಕುಡುಕನ ಮಗಳಂತ’ ಎಂದು ಹಿಂದೆ ಸರಿದರು. ಹುಡುಗಿ ಅಳಲಿಲ್ಲ. ಗೋಡೆಯ ಮೇಲಿನ ಅಪ್ಪನ ಫೋಟೋ ಒರೆಸುವುದನ್ನು ಮಾತ್ರ ಬಿಟ್ಟಳು. ಹನಮಂತವ್ವನಿಗೆ ಗಂಡ ಸತ್ತದ್ದಕ್ಕಿಂತ ಅದು ಹೆಚ್ಚು ಸುಟ್ಟಿತು.

ಮಗುಚಿದ ಗಾಡಿಯನ್ನು ರಿಪೇರಿಗೆ ಒಯ್ದಾಗ ಶಿರಹಟ್ಟಿಯ ಮೇಸ್ತ್ರಿ ತೌಹೀದ ಅವಳನ್ನು ಹಿಂಬದಿಗೆ ಕರೆದಿದ್ದ. “ಇಲ್ನೋಡ್ರಿ ಅಕ್ಕಾ. ಸೀಟಿನ ಬೆನ್ನಿಗಿರೋ ಮ್ಯಾಲಿನ ಕೊಕ್ಕಿ ಹೆಂಗ ಬಗ್ಗೇತಿ. ಸರಪಳಿ ಇಲ್ಲಿ ಕಟ್ಟಿದ್ರು.”

ಜಾಲಿಕಂಟಿ, ಬೊಡ್ಡೆ ಕೀಳುವುದೇ ಆ ಸಣ್ಣ ಹಳೆಯ ಗಾಡಿಯ ದುಡಿಮೆ, ಗಂಡನ ಜೊತೆಗೆ ಹೋಗಿ ಬೇರು ಕಡಿಯುವವಳು ಅವಳೇ; ಆ ದಿನ ಮಾತ್ರ ಹೋಗಿರಲಿಲ್ಲ. ನೀಲಪ್ಪ ಪ್ರತಿಸಲವೂ ಅದೇ ಮಾತು ಹೇಳುತ್ತಿದ್ದ: “ಸರಪಳಿ ಯಾವಾಗ್ಲೂ ಕೆಳಗಿನ ಪಟ್ಟಿಗೇ ಕಟ್ಟಬೇಕು. ಮ್ಯಾಲ ಕಟ್ಟಿದ್ರ ಗಾಡಿ ಕುದರಿಹಂಗ ಎದ್ದು ಬೆನ್ನಮ್ಯಾಗ ಬೀಳತೈತಿ.” ಅಂಥವನು ತಾನಾಗಿ ಮೇಲೆ ಕಟ್ಟಲಾರ. ಕಟ್ಟಿಸಿದವರು ಯಾರು, ಜನ ಬರುವುದರೊಳಗೆ ಬಿಚ್ಚಿ ಕೆಳಗೆ ಹಾಕಿದವರು ಯಾರು ಎಂಬುದಕ್ಕೆ ಅವಳಿಗೆ ಸಾಕ್ಷಿ ಬೇಕಿರಲಿಲ್ಲ. ಊರ ಹಿರಿಯರಿಗೆ ಬೇಕಿತ್ತು. “ನೋಡಿದವರು ಯಾರವ್ವ?” ಎಂದು ಕೇಳಿ ಕಳಿಸಿಬಿಟ್ಟರು.

ಅವಳು ಗಾಡಿ ಮಾರಲಿಲ್ಲ. ತಾನೇ ಹೊಡೆಯಲು ಕಲಿತಳು. ಸುತ್ತಲಿನ ಊರುಗಳಲ್ಲಿ ಕಂಟಿ ಕಿತ್ತಳು, ಬೊಡ್ಡೆ ಕಿತ್ತಳು, ಕಾದಳು. ವಿರೂಪಾಕ್ಷಪ್ಪನ ಬೊಡ್ಡೆಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಹೆಣ ಬಿದ್ದ ಜಾಗವೆಂದು ಗಾಡಿಯವರೆಲ್ಲ ನುಣುಚಿಕೊಂಡರು. ಜೆಸಿಬಿ ತರಿಸೋಣವೆಂದರೆ ಅತ್ತ ಬೋರಿನ ಪೈಪು, ಇತ್ತ ಉಳ್ಳಾಗಡ್ಡಿ ಬೆಳೆ. ಜಾಲಿಯೋ ಕಡಿದಷ್ಟೂ ಚಿಗುರುವ ಜಾತಿ. ಕಡೆಗೆ ಅವನು ಅವಳಿಗೇ ಹೇಳಿಕಳಿಸಿದ್ದ. ಹೆಂಗಸು, ಮರೆತಿರುತ್ತಾಳೆ ಎಂದುಕೊಂಡಿರಬೇಕು.

ಮುಂಜಾನೆ ಹೊಲದಲ್ಲಿ ಹೆಣ್ಣಾಳುಗಳು ಉಳ್ಳಾಗಡ್ಡಿಯ ಕಸ ತೆಗೆಯುತ್ತಿದ್ದರು. ವಿರೂಪಾಕ್ಷಪ್ಪನ ಹೆಂಡತಿ ಸುಮಿತ್ರವ್ವ ಬುತ್ತಿ ಇಳಿಸಿ ಬೇವಿನ ನೆರಳಿಗೆ ಕೂತಿದ್ದಳು. ಹನಮಂತವ್ವ ಯಾರೊಂದಿಗೂ ಮಾತಾಡದೆ ಬೊಡ್ಡೆಯ ಸುತ್ತ ಮಲ್ಲುವಿನಿಂದ ಮಣ್ಣು ತೆಗೆಸಿದಳು, ಪಕ್ಕದ ಬೇರುಗಳನ್ನು ತಾನೇ ಕೊಡಲಿಯಿಂದ ಕಡಿದಳು. ಸರಪಳಿಯನ್ನು ಬೊಡ್ಡೆಯ ಬುಡಕ್ಕೆ ಬಿಗಿದಳು. ಹರಿದರೆ ಸಿಡಿಯದಿರಲೆಂದು ಅದರ ಮೇಲೆ ಗೋಣಿಚೀಲ ಹೊದಿಸಿದಳು. “ದೂರ ಸರೀರೆವ್ವಾ, ಇನ್ನೂ ದೂರ,” ಎಂದು ಹೆಣ್ಣಾಳುಗಳನ್ನೆಲ್ಲ ಬದುವಿನಾಚೆ ಅಟ್ಟಿದಳು. ಎಲ್ಲವೂ ನೀಲಪ್ಪ ಹೇಳಿಕೊಟ್ಟ ಹಾಗೆಯೇ.

“ನಾ ಬೇರು ನೋಡ್ಕೋತ ನಿಂದರತೀನಿ. ನೀವ ಕುಂಡ್ರಿ ಸಾವಕಾರ್ರ,” ಎಂದಳು ಪಕ್ಕದಲ್ಲಿ ನಿಂತಿದ್ದ ವಿರೂಪಾಕ್ಷಪ್ಪನಿಗೆ. “ಗಾಡಿ ಹೊಡಿಯೋದು ನಿಮಗೇನ ಹೊಸದಲ್ಲ.”

ನೋಡುವ ಜನ ಇದ್ದರು, ಹಿಂಜರಿಯುವಂತಿರಲಿಲ್ಲ. ವಿರೂಪಾಕ್ಷಪ್ಪ ಧೋತರ ಎತ್ತಿಕಟ್ಟಿ ಸೀಟೇರಿದ. “ಇಷ್ಟ ಸಣ್ಣ ಗಾಡಿ, ಇದಕ್ಕೇನ ಹೊಸದು ಹಳೇದು!”

ಅವನು ಮುಂದೆ ನೋಡಿ ಎಂಜಿನ್ನು ಚಾಲೂ ಮಾಡುತ್ತಿದ್ದಾಗ ಅವಳು ಸರಪಳಿಯ ತುದಿಯನ್ನು ಎತ್ತಿ ಮೇಲಿನ ಕೊಕ್ಕೆಗೆ ಹಾಕಿದಳು. ಗಾಡಿ ಎದ್ದರೆ ಕೂಗಬೇಕೋ ಬೇಡವೋ ಎಂದು ಅವಳು ನಿರ್ಧರಿಸಿರಲಿಲ್ಲ. ಪಕ್ಕಕ್ಕೆ ದೂರ ಸರಿದು ನಿಂತು, “ನಡಸ್ರಿ,” ಎಂದಳು.

ಸರಪಳಿ ನೆಲದಿಂದೆದ್ದು ಬಿಗಿಯಾಯಿತು. ಬೊಡ್ಡೆ ಕದಲಲಿಲ್ಲ. ಎಂಜಿನ್ನು ಗುಡುಗಿತು, ಮುಂದಿನ ಗಾಲಿಗಳು ಮಣ್ಣು ಬಿಟ್ಟು ಗೇಣುದ್ದ ಮೇಲೆದ್ದವು. ಹನಮಂತವ್ವನ ಬಾಯಿಂದ ದನಿ ಹೊರಡಲಿಲ್ಲ. ವಿರೂಪಾಕ್ಷಪ್ಪನೇ ಗಾಬರಿಬಿದ್ದು ಕ್ಲಚ್ ತುಳಿದ. ಗಾಲಿಗಳು ಧೊಪ್ಪೆಂದು ನೆಲಕ್ಕೆ ಬಡಿದವು. ಹಿಂದೆ ತಿರುಗಿ ನೋಡಿದವನ ಮುಖ ಬಿಳಿಚಿಹೋಯಿತು.

“ಎಲ್ಲಿ ಕಟ್ಟೀಯ ಇದನ್ನ? ಕೆಳಗ ಕಟ್ಟು! ಹಿಂಗ ಕಟ್ಟಿದ್ರ ಎತ್ತಿ ಒಗೀತೈತಿ!”

“ಅವತ್ತ ಕಟ್ಟಿದ್ದ ಜಾಗಾನ ಐತ್ರಿ.” ಅವಳು ದನಿ ಏರಿಸಲಿಲ್ಲ. “ನಡಸ್ರಿ, ಏನೂ ಆಗಂಗಿಲ್ಲ. ನೀವೇನ ಕುಡದಿಲ್ಲಲ್ಲ.”

ಅವನು ಎಂಜಿನ್ನು ಬಂದ್ ಮಾಡಿದ. ಗಾಲಿಯ ಮೇಲಿನ ತಗಡನ್ನು ತಬ್ಬಿಕೊಂಡೇ ಕೆಳಕ್ಕೆ ಜಾರಿದ. ಸುಮಿತ್ರವ್ವ ನೆರಳು ಬಿಟ್ಟು ಎದ್ದು ಬಂದಿದ್ದಳು.

“ಆಕಿ ಏನ ಅನ್ನಾಕತ್ತಾಳ್ರೀ? ಯಾವ ಜಾಗಾ?”

ವಿರೂಪಾಕ್ಷಪ್ಪ ಹೆಂಡತಿಯ ಮುಖ ನೋಡಲಿಲ್ಲ. “ಕೆಳಗ ಕಟ್ಟಿದ್ರ ಬೊಡ್ಡಿ ಏಳವಲ್ದಾಗಿತ್ತು. ಹೊತ್ತು ಮುಣಗಾಕತ್ತಿತ್ತು. ಮ್ಯಾಲ ಕಟ್ಟು ಅಂದೆ.”

“ಆಂವ ಏನಂದ?” ಹನಮಂತವ್ವ ಕೇಳಿದಳು.

“ಬ್ಯಾಡಂದ.”

“ಆಮ್ಯಾಲ?”

“ಅಂಜುಬುರಕ ಅಂದೆ. ಬಾಯಿಗೆ ಬಂದಂಗ ಅಂದೆ.”

“ಕುಡದಿದ್ನೇನು?”

“ಇಲ್ಲ.”

“ಜೋರಾಗಿ ಹೇಳ್ರಿ. ಹೆಣಮಕ್ಕಳು ದೂರ ಅದಾರ.”

“ಇಲ್ಲವ್ವಾ! ಕುಡದಿರಲಿಲ್ಲ!” ಅವನ ದನಿ ಒಡೆಯಿತು. ಬದುವಿನಾಚೆ ಹೆಣ್ಣಾಳುಗಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

ಈ ಮಾತು ಕೇಳಿದ ದಿನ ಎದೆ ಹಗುರಾಗುತ್ತದೆಂದು ಹನಮಂತವ್ವ ನಂಬಿದ್ದಳು. ಆಗಲಿಲ್ಲ. ಎದ್ದ ಗಾಲಿಗಳು ಅಷ್ಟಕ್ಕೇ ಇಳಿದುಬಿಟ್ಟವಲ್ಲ ಎಂಬ ಒಂದು ಕೆಟ್ಟ ಹಳಹಳಿ ಒಳಗೆ ಸುಳಿಯಿತು. ಅದನ್ನು ಅವಳು ದೂಡಲೂ ಇಲ್ಲ, ಅದಕ್ಕೆ ನಾಚಲೂ ಇಲ್ಲ.

ಸರಪಳಿ ಬಿಚ್ಚಿ ಕೆಳಗಿನ ಪಟ್ಟಿಗೆ ಕಟ್ಟಿ ತಾನೇ ಸೀಟೇರಿದಳು. ಎಲ್ಲಕ್ಕಿಂತ ಸಣ್ಣ ಗೇರು ಹಾಕಿದಳು. ಜಗ್ಗಲಿಲ್ಲ, ಎಳೆದು ಹಿಡಿದಳು. ಬಿಟ್ಟಳು, ಮತ್ತೆ ಎಳೆದಳು. ಇಳಿದು ಹೋಗಿ ತಾಯಿಬೇರನ್ನು ಕಡಿದು ಬಂದಳು. ಕಡೆಗೆ ನೆಲ ಬಿರಿದು ಬೊಡ್ಡೆ ಮಗ್ಗುಲಾಯಿತು, ಆಳೆತ್ತರದ ಬೇರುಗಳು ಹಸಿಮಣ್ಣು ಉದುರಿಸುತ್ತ ಮೇಲೆ ಬಂದವು.

“ಯಕ್ಕಾ, ಸರಪಳಿ ಬಿಚ್ಚೂದೈತಿ!” ಮಲ್ಲು ಕೂಗಿದ.

ಅವಳು ಗಾಡಿ ನಿಲ್ಲಿಸಲಿಲ್ಲ. ಹೊಲದ ದಾರಿ ಹಿಡಿದು, ಹಳ್ಳ ದಾಟಿ, ನಡುಹಗಲಲ್ಲಿ ಊರೊಳಗೆ ಬಂದಳು. ಬೊಡ್ಡೆ ಹಿಂದೆ ಉರುಳಾಡುತ್ತ ಓಣಿಯ ನೆಲ ಗೀರುತ್ತ ಬಂತು. ಕಟ್ಟೆಯ ಮೇಲೆ ಕೂತವರು ಕಾಲು ಮೇಲೆತ್ತಿಕೊಂಡರು. “ಏನಿದು ಹನಮಂತವ್ವ?” ಎಂದು ಕೇಳಿದವರಿಗೆ ಅವಳದು ಒಂದೇ ಉತ್ತರ: “ಹೊಲದಾಗಿನ ಹೆಣಮಕ್ಕಳನ್ನ ಕೇಳ್ರಿ.” ವಿರೂಪಾಕ್ಷಪ್ಪನ ಮನೆಯ ತಲಬಾಗಿಲಿಗೆ ಅಡ್ಡವಾಗಿ ಬೊಡ್ಡೆಯನ್ನು ತಂದು ನಿಲ್ಲಿಸಿ, ಸರಪಳಿ ಬಿಚ್ಚಿ, ಸುತ್ತಿಟ್ಟುಕೊಂಡು ಹೋದಳು.

ಸಂಜೆ ವಿರೂಪಾಕ್ಷಪ್ಪ ಅದನ್ನು ಸರಿಸಲು ಆಳು ಕರೆಸಿದ. ಸುಮಿತ್ರವ್ವ ಬಾಗಿಲಲ್ಲಿ ಅಡ್ಡ ನಿಂತು, “ಇರ್ಲಿ ಬಿಡ್ರಿ,” ಎಂದು ಅವರನ್ನು ಹಿಂದಕ್ಕೆ ಕಳಿಸಿದಳು.

ಮರುದಿನ ಮುಂಜಾನೆ ಅವಳು ನೀರಿನ ಕೊಡ ಸೊಂಟಕ್ಕೆ ಇಟ್ಟುಕೊಂಡು, ಸೀರೆ ಸಿಕ್ಕದಂತೆ ನೆರಿಗೆ ಎತ್ತಿ, ಬೊಡ್ಡೆಯನ್ನು ಬಳಸಿ ಒಳಗೆ ಹೋದಳು. ಬೇರುಗಳ ಸಂದಿಯಲ್ಲಿ ಇನ್ನೂ ಒಣಗದ ಕರಿಮಣ್ಣನ್ನು ಒಂದು ಕೋಳಿ ಕೆದರುತ್ತಿತ್ತು.