ಏಳಕ್ಕೆ ಒಂದು ಕಡಿಮೆ

ನನ್ನ ಹೆಂಡತಿ ಊರಿಗೆಲ್ಲ ಸಿಸ್ಟರ್. ಮೂವತ್ತೈದು ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿದ್ದವಳು. ಡಾಕ್ಟರು, ರೋಗಿ, ಹಾಲಿನವನು, ಎಲ್ಲರೂ ಹಾಗೇ ಕರೆಯುತ್ತಾರೆ. ನಾನೊಬ್ಬ ಮಾತ್ರ ಕರೆಯುವ ಹಾಗಿಲ್ಲ. ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ನಿವೃತ್ತಿಯಾದ ಮೇಲೆ ಸುಮ್ಮನೆ ಕೂರುವ ಜಾಯಮಾನ ಅವಳದ್ದಲ್ಲ. ಹಿತ್ತಲಿನ ಶೆಡ್ಡಿಗೆ ಮರ ಕೊಯ್ಯುವ ಕಟಿಂಗ್ ಮಷಿನ್ ತರಿಸಿದಳು. ಮೇಜಿನ ನಡುವೆ ಗರಗಸದ ಚಕ್ರ ತಲೆಯೆತ್ತಿ ನಿಂತಿರುತ್ತದಲ್ಲ, ಅಂಥದ್ದು. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಅಂತ ಕೂಗಾಡಿದೆ. ಅವಳು ಸೊಪ್ಪು ಹಾಕಲಿಲ್ಲ. ಆರು ವರ್ಷದಲ್ಲಿ ನಮ್ಮ ಬೀದಿಯ ಮುದುಕರಿಗೆಲ್ಲ ಮಂಚ ಹತ್ತಲು ಕಾಲ್ಮಣೆ ಮಾಡಿಕೊಟ್ಟಿದ್ದಾಳೆ. ಅಚ್ಚುಕೂಟದಲ್ಲಿ ಜೀವಮಾನವಿಡೀ ಕರಡು ತಿದ್ದಿದ ನನಗೇ ಅವುಗಳಲ್ಲಿ ಒಂದು ತಪ್ಪು ಸಿಕ್ಕಿಲ್ಲ, ಅದೇ ನನ್ನ ಸಂಕಟ.

ಅವಳದ್ದೊಂದು ಪದ್ಧತಿ. ಥಿಯೇಟರಿನಲ್ಲಿ ಹೊಟ್ಟೆ ಹೊಲಿಯುವ ಮುಂಚೆ ಕತ್ತರಿ, ಬಟ್ಟೆ ಎಲ್ಲ ಎಣಿಸುತ್ತಿದ್ದಳಂತೆ. ಶೆಡ್ಡಿನಲ್ಲೂ ಹಾಗೇ. ಬಿಳಿ ಬಟ್ಟೆ ಹಾಸಿ ಏಳು ವಸ್ತು ಇಡುತ್ತಾಳೆ: ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಅಳತೆಪಟ್ಟಿ, ಪೆನ್ಸಿಲ್, ಸ್ಪ್ಯಾನರ್, ಬ್ರಷ್ಷು, ತಳ್ಳುಗೋಲು. ಗಟ್ಟಿಯಾಗಿ ಎಣಿಸುತ್ತಾಳೆ. ಕೆಲಸ ಮುಗಿದ ಮೇಲೆ ಮತ್ತೆ ಏಳು, ಆಮೇಲೆ ಹತ್ತು ಬೆರಳು. ನಾನು ಅಡುಗೆಮನೆಯಿಂದ ಅಣಕಿಸಿ ನಗುತ್ತಿದ್ದೆ.

ಹೋದ ತಿಂಗಳು ಮಗನ ಆಫೀಸಿನವರೊಬ್ಬರ ತಂದೆ ಇಂಥದ್ದೇ ಮಷಿನ್ನಿಗೆ ಎರಡು ಬೆರಳು ಕಳೆದುಕೊಂಡರು. ಮಗ ಹೌಹಾರಿದ. ಮಷಿನ್ ಮನೆಯಲ್ಲಿರಕೂಡದು ಅಂತ ಹಟ ಹಿಡಿದ. ನಾನೂ ಅವನ ಜೊತೆ ಸೇರಿಕೊಂಡೆ. ಭಾನುವಾರ ಬೆಳಿಗ್ಗೆ ವ್ಯಾನು, ಹಗ್ಗ ಸಮೇತ ಬಂದೇಬಿಟ್ಟ.

"ಮರದ ಪಟ್ಟಿ ಕೊನೇದೊಂದು ಉಳಿದಿದೆ. ನಿಮ್ಮಪ್ಪನ ಕಾಲ್ಮಣೆದು. ಕೊಯ್ದು ಮುಗಿಸ್ತೀನಿ, ಆಮೇಲೆ ತಗೊಂಡು ಹೋಗು," ಅಂದಳು. ಜಗಳವಾಡಿದ್ದರೆ ಚೆನ್ನಾಗಿತ್ತು. ದನಿ ಏರಿಸದೆ ಹೇಳಿದಳು.

ಅಂಗಿಯ ತೋಳು ಮಡಚಿ ಏಪ್ರನ್ ಕಟ್ಟಿಕೊಂಡಳು, ಕೂದಲನ್ನು ಟೊಪ್ಪಿಯೊಳಗೆ ತುರುಕಿದಳು, ಬಟ್ಟೆ ಹಾಸಿ ಎಣಿಸಿದಳು.

"ಆರೇ ಇವೆ. ತಳ್ಳುಗೋಲಿಲ್ಲ."

ಚಕ್ರದ ಹತ್ತಿರ ಕೈ ಹೋಗದಂತೆ ಮರವನ್ನು ನೂಕುವ ಕೋಲು ಅದು. ಬೆಳಿಗ್ಗೆ ಗಾಳಿಗೆ ಬಡಿದುಕೊಳ್ಳುತ್ತಿದ್ದ ಅಡುಗೆಮನೆ ಕಿಟಕಿಗೆ ಅದನ್ನೇ ಆನಿಸಿಟ್ಟಿದ್ದೆ. ಶೆಡ್ಡಿನ ಸಾಮಾನು ಮುಟ್ಟಬೇಡಿ ಅಂತ ನೂರು ಸಲ ಹೇಳಿದ್ದಳು. ಈಗ ಬಾಯಿ ಬಿಟ್ಟರೆ ಮಗನೆದುರು ಮರ್ಯಾದೆ ಹೋಗುತ್ತದೆ. ಬಿಡದಿದ್ದರೆ? ಲೆಕ್ಕ ಸರಿಹೋಗುವುದಿಲ್ಲ, ಅವಳು ಕೊಯ್ಯುವುದಿಲ್ಲ, ಮಷಿನ್ ಹೊರಟುಹೋಗುತ್ತದೆ. ಆ ಕೈಗಳಿಗೆ ಏನಾದರೂ ಆದರೆ ನಾನು ತಡೆದುಕೊಳ್ಳಲಾರೆ. ಅದಕ್ಕೇ ಶೆಡ್ಡಿನ ಮೂಲೆಯಲ್ಲಿ ತೆಪ್ಪಗೆ ಕೂತೆ.

ಅವಳು ಶೆಡ್ಡೆಲ್ಲ ಜಾಲಾಡಿದಳು. ಮಗ ಗಡಿಯಾರ ನೋಡಿಕೊಂಡ.

"ಅಮ್ಮಾ, ಇಷ್ಟೇ ಇಷ್ಟು ಪಟ್ಟಿ. ಕೈಯಲ್ಲೇ ತಳ್ಳಿದ್ರೆ ಆಯ್ತಲ್ಲ!"

"ಒಂದು ಕಡಿಮೆ ಅಂದ್ರೆ ಶುರು ಮಾಡಲ್ಲ ಕಣೋ."

"ಅಯ್ಯೋ, ನಿನ್ನದೊಳ್ಳೆ ಕತೆ! ಇರು, ನಾನೇ ಮಾಡ್ತೀನಿ."

ತಡೆಯುವಷ್ಟರಲ್ಲಿ ಚಕ್ರದ ಮೇಲಿನ ಮುಚ್ಚಳ ಎತ್ತಿ, ಪಟ್ಟಿಯನ್ನು ಒತ್ತಿ ಹಿಡಿದು, ಸ್ವಿಚ್ಚು ಅದುಮಿದ. ನಾನು ಕಣ್ಣು ಮುಚ್ಚಿಕೊಂಡೆ.

ಏನೂ ಸದ್ದಿಲ್ಲ. ಕಣ್ಣು ಬಿಟ್ಟು ನೋಡಿದರೆ, ಮಷಿನ್ನಿನ ಉದ್ದ ವೈರಿನ ತುದಿಯ ಪ್ಲಗ್ಗು ಅವಳ ಏಪ್ರನ್ನಿನ ಜೇಬಿನಲ್ಲಿತ್ತು. ಲೆಕ್ಕ ಸರಿಯಾಗುವವರೆಗೆ ಅದು ಗೋಡೆ ಸೇರುವುದಿಲ್ಲವಂತೆ. ಆರು ವರ್ಷ ಅಣಕಿಸಿದ ನನಗೆ ಇದು ಗೊತ್ತೇ ಇರಲಿಲ್ಲ.

"ಕೈ ತೆಗೀಬೇಡ," ಅಂದಳು ಮಗನಿಗೆ. "ಹೆಬ್ಬೆರಳು ಎಲ್ಲಿದೆ, ನೀನೇ ನೋಡು."

ಚಕ್ರದ ಹಲ್ಲಿಗೆ ನೇರವಾಗಿ, ಒಂದು ಅಂಗುಲ ದೂರದಲ್ಲಿತ್ತು. ಮಗನ ಮುಖ ಬಿಳಿಚಿಕೊಂಡಿತು.

ಇನ್ನು ನನ್ನಿಂದಾಗಲಿಲ್ಲ. ಎದ್ದು, ಲಟಲಟ ಅನ್ನುವ ಮಂಡಿಯನ್ನು ಎಳೆದುಕೊಂಡು ಅಡುಗೆಮನೆಗೆ ಹೋದೆ, ಕೋಲು ತಂದು ಬಟ್ಟೆಯ ಮೇಲಿಟ್ಟೆ.

"ನಾನೇ ಕಿಟಕಿಗೆ ಇಟ್ಟಿದ್ದೆ ಕಣೇ. ಗೊತ್ತಿದ್ದೂ ಸುಮ್ನಿದ್ದೆ. ಮಷಿನ್ ಹೋದ್ರೆ ಹೋಗ್ಲಿ ಅಂತ."

ಅವಳು ನನ್ನನ್ನೊಮ್ಮೆ ನೋಡಿದಳು. ಮಗ ಕೋಲನ್ನು ಎತ್ತಿಕೊಂಡ. ಅದರ ತುದಿಯ ತುಂಬ ಚಕ್ರ ಕಚ್ಚಿದ ಗುರುತು. ಒಂದೊಂದನ್ನೇ ಬೆರಳಿನಿಂದ ಮುಟ್ಟಿ ನೋಡಿದ.

"ಇದೆಲ್ಲ ಬೆರಳಿಗೆ..." ಅಂದ.

"ಹೌದು. ಅದಕ್ಕೇ ಇರೋದು ಅದು," ಅಂದಳು.

ಮುಚ್ಚಳ ಇಳಿಸಿ, ನಮ್ಮಿಬ್ಬರನ್ನೂ ಹೊಸ್ತಿಲಾಚೆ ನಿಲ್ಲಿಸಿ, ಪ್ಲಗ್ಗು ಹಾಕಿದಳು. ಆರು ವರ್ಷದಲ್ಲಿ ಅವಳ ಕೆಲಸವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು! ಮೈಯೆಲ್ಲ ಒಂದು ಪಕ್ಕಕ್ಕೆ, ಕಣ್ಣು ಮರದ ಮೇಲೆ, ಕೋಲು ಮೆಲ್ಲಗೆ ಮುಂದಕ್ಕೆ. ಅವಸರವೇ ಇಲ್ಲ. ಈ ಕೈಗಳಿಗೆ ನಾನು ಹೆದರಿದ್ದೆನಲ್ಲ ಅಂತ ನಾಚಿಕೆಯಾಯಿತು. ಹೆಮ್ಮೆಯೂ ಆಯಿತು.

ಪಟ್ಟಿ ಎರಡಾಯಿತು. ಚಕ್ರ ಪೂರ್ತಿ ನಿಲ್ಲುವವರೆಗೆ ಕಾದು, ಪ್ಲಗ್ಗು ಕಿತ್ತು ಜೇಬಿಗಿಟ್ಟಳು. ಅಷ್ಟರಲ್ಲಿ ಮಗ ಮಷಿನ್ ಕಟ್ಟಲು ತಂದಿದ್ದ ಹಗ್ಗವನ್ನು ಸುತ್ತಿ ವಾಪಸ್ ವ್ಯಾನಿನೊಳಗೆ ಎಸೆದು ಬಂದಿದ್ದ. ಯಾರೂ ಕೇಳದಿದ್ದರೂ ತನ್ನ ಹತ್ತೂ ಬೆರಳನ್ನು ಅಮ್ಮನ ಮುಂದೆ ಚಾಚಿ ನಿಂತ.

ಅವಳು ಕನ್ನಡಕ, ಕಿವಿಯ ಮುಚ್ಚಳ ತೆಗೆದು, ಕೋಲಿನ ಜೊತೆ ಬಟ್ಟೆಯ ಮೇಲಿಟ್ಟು ನನ್ನ ಕಡೆ ತಿರುಗಿದಳು. "ರೀ, ಇವತ್ತು ನೀವು ಎಣಿಸಿ."

ಕರಡು ನೋಡುವ ಹಾಗೆ ಬಗ್ಗಿ, ಒಂದೊಂದನ್ನೂ ಮುಟ್ಟಿ ಎಣಿಸಿದೆ.

"ಏಳೂ ಸರಿ ಇವೆ, ಸಿಸ್ಟರ್," ಅಂದೆ.